ಕುಮಟೆಯ ಚಳಿಯೂ ಕಾಗಾಲದ ಗಣಪಿಯೂ

ಕಾಗಾಲದ ಗಣಪಿ ಗೌಡ ಎಂಬವಳು ಮುದುಕರನ್ನು ಹಿಂಸಿಸುವ ಹೆಂಗಸು ಎಂದು ಇದನ್ನು ಬರೆಯುತ್ತಿರುವವನು ಹತ್ತು ದಿನ ನಂಬಿದ್ದುಂಟು. ಡಿಸೆಂಬರಿನ ಒಂದು ಬೆಳಿಗ್ಗೆ, ಕುಮಟೆಯ ಒಂದು ಓಣಿಯಲ್ಲಿ, ದೇವರಾಜ ಶಾನಭಾಗರ ಮನೆಯಂಗಳದಲ್ಲಿ ಏಳು ಮಂದಿ ತಲೆಯಿಂದ ನೆಲದವರೆಗೆ ಕಂಬಳಿ ಹೊದ್ದು ಸಾಲಾಗಿ ಕುಕ್ಕರಗಾಲಿನಲ್ಲಿ ಕೂತ ಹಾಗೆ ಕಂಡಿತು. ಗಣಪಿ ಮೊದಲನೆಯವರ ಕಂಬಳಿಗೆ ಕೈಹಾಕಿ, "ಹೀಂಗೇ ಕೂತ್ರೆ ಬೆಂದ್ ಹೋಗ್ತೆ, ಪೀಡೆ," ಎಂದು ಬೈಯುತ್ತ ಎಳೆಯತೊಡಗಿದ್ದಳು. ವಯಸ್ಸಾದವರ ಮೈ ನೋಡುವುದು ಸಭ್ಯತೆಯಲ್ಲವೆಂದು ಮುಖ ತಿರುಗಿಸಿ ನಡೆದದ್ದಾಯಿತು. ಶಾನಭಾಗರು ಸದ್ದಿಲ್ಲದೆ ವೃದ್ಧಾಶ್ರಮ ತೆರೆದಿದ್ದಾರೆ, ನೋಡಿಕೊಳ್ಳಲು ಇಂಥ ರಾಕ್ಷಸಿಯನ್ನು ಇಟ್ಟಿದ್ದಾರೆ ಎಂದು ನಾಲ್ಕು ಜನರಿಗೆ ಹೇಳಿದ್ದೂ, ದೂರು ಕೊಡುವುದು ಎಲ್ಲಿ ಎಂದು ವಿಚಾರಿಸಿದ್ದೂ ಆಯಿತು. ಹನ್ನೊಂದನೆಯ ದಿನ ಗೇಟು ತೆರೆದಿತ್ತು. ಕಂಬಳಿಗಳ ಒಳಗಿದ್ದದ್ದು ಕುಂಡದ ಗಿಡಗಳು.

ಸೈಕಾಡ್ ಎನ್ನುತ್ತಾರೆ. ದೊಡ್ಡ ಹೋಟೆಲುಗಳ ಬಾಗಿಲ ಎರಡೂ ಕಡೆ, ವಾಚ್‌ಮನ್ನನಿಗಿಂತ ಗಂಭೀರವಾಗಿ ನಿಂತಿರುತ್ತವಲ್ಲ, ಆ ಜಾತಿ. ಬುಡ ಅನಾನಸಿನ ಹಾಗೆ, ತಲೆ ತೆಂಗಿನ ಸಸಿಯ ಹಾಗೆ. ಮನಸ್ಸಾದರೆ ವರ್ಷಕ್ಕೊಮ್ಮೆ ಒಂದು ಸುತ್ತು ಎಲೆ ಬಿಡುತ್ತವೆ, ಆಗದಿದ್ದರೆ ಅದೂ ಇಲ್ಲ. ಹೂವಿಲ್ಲ, ಪರಿಮಳವಿಲ್ಲ, ಬಾಯಿಗೆ ಹಾಕುವಂಥದ್ದು ಏನೂ ಇಲ್ಲ. ಡೈನೋಸಾರುಗಳ ಕಾಲದಿಂದಲೂ ಹೀಗೇ ಇವೆಯಂತೆ ಎಂದು ದೇವರಾಜರು ಹೇಳಿದಾಗ ಗಣಪಿ, "ಅದ್ಕೇ ಇಷ್ಟು ಸೊಕ್ಕು," ಎಂದಿದ್ದಳು.

ಗಣಪಿ ಗಿಡದ ಕೆಲಸಕ್ಕೆಂದು ಬಂದವಳಲ್ಲ. ಹೊನ್ನಾವರದಲ್ಲಿ ದೇವರಾಜರ ಟೈಲ್ಸ್ ಅಂಗಡಿಯಿದೆ. ಅಲ್ಲಿ ಹದಿನಾರು ವರ್ಷ ಲಾರಿಯಿಂದ ಗೋಡೌನಿಗೆ, ಗೋಡೌನಿನಿಂದ ಗಿರಾಕಿಯ ಟೆಂಪೋಗೆ ಪೆಟ್ಟಿಗೆ ಹೊತ್ತವಳು. ಪೆಟ್ಟಿಗೆಯನ್ನು ಮುಟ್ಟುವ ಮೊದಲೇ ನೋಡಿ ಅದರ ತೂಕ ಹೇಳುತ್ತಾಳೆ. ಮನುಷ್ಯರನ್ನೂ ಹಾಗೆಯೇ ನೋಡುತ್ತಾಳೆ, ಅವರ ತೂಕವನ್ನು ಮಾತ್ರ ಬಾಯಿಬಿಟ್ಟು ಹೇಳುವುದಿಲ್ಲ. ಗಂಡನ ಹೆಸರು ಹೊನ್ನ, ಹೊಳೆಯಲ್ಲಿ ಸಿಗಡಿ ಹಿಡಿಯುತ್ತಾನೆ. ಮನೆಯ ಮುಂದೆ ಎರಡು ಗುಂಟೆ ಗದ್ದೆಯಿದೆ. ಐವತ್ತು ದಾಟಿ ಮಂಡಿ ಹಿಡಿದುಕೊಂಡಾಗ ದೇವರಾಜರು ಅವಳನ್ನು ಅಂಗಡಿಯಿಂದ ಬಿಡಿಸಿ ಕುಮಟೆಯ ಮನೆಯ ಅಂಗಳಕ್ಕೆ ಹಾಕಿಕೊಂಡರು. ಅದನ್ನು ಪ್ರಮೋಷನ್ ಎಂದೂ ಕರೆದರು. ಟೈಲ್ಸ್ ಪೆಟ್ಟಿಗೆಗೆ ಮುಳ್ಳಿರುವುದಿಲ್ಲ ಎಂಬುದು ಗಣಪಿಗೆ ಹೊಳೆದದ್ದು ಪ್ರಮೋಷನ್ ಆದ ಮಾರನೆಯ ದಿನ, ಅಂಗೈ ನೋಡಿಕೊಂಡಾಗ.

ದೇವರಾಜರಿಗೆ ಈ ಗಿಡಗಳ ಹುಚ್ಚು ಹಿಡಿದದ್ದು ಇಟಲಿಯಲ್ಲಿ. ಕರಾವಳಿಯಲ್ಲಿ ಅತಿ ಹೆಚ್ಚು ಬಾತ್‌ರೂಮ್ ಟೈಲ್ಸ್ ಮಾರಿದ್ದಕ್ಕೆ ಕಂಪನಿಯವರು ಒಂದು ಫೆಬ್ರವರಿಯಲ್ಲಿ ಖರ್ಚು ಹಾಕಿ ಕರೆದುಕೊಂಡು ಹೋಗಿದ್ದರು. ಅಲ್ಲಿ, ಹಲ್ಲು ಕಟಕಟಿಸುವ ಚಳಿಯಲ್ಲಿ, ಯಾರದೋ ತೋಟದಲ್ಲಿ ಈ ಗಿಡಗಳು ರಜಾಯಿ ಸುತ್ತಿಕೊಂಡು ನಿಂತಿದ್ದವು. ತೋಟದ ಯಜಮಾನ ಒಂದೊಂದು ಗಿಡವನ್ನೂ ಎಷ್ಟು ಹಿಮದಿಂದ ಹೇಗೆ ಬದುಕಿಸಿದೆ ಎಂದು ಹೇಳುತ್ತಿದ್ದ. ಸುತ್ತ ಹನ್ನೆರಡು ಜನ ಬಾಯಿ ತೆರೆದು ಕೇಳುತ್ತಿದ್ದರು. ದೇವರಾಜರು ಮೂವತ್ತು ವರ್ಷ ಟೈಲ್ಸ್ ಬಗ್ಗೆ ಮಾತಾಡಿದ್ದರು, ಒಬ್ಬನೂ ಬಾಯಿ ತೆರೆದಿರಲಿಲ್ಲ, ರೇಟು ಇಳಿಸಿ ಎನ್ನುವುದಕ್ಕೆ ಬಿಟ್ಟರೆ.

ಊರಿಗೆ ಬಂದವರೇ 'ಚಳಿನಾಡಿನ ಸೈಕಾಡ್ ಬಳಗ'ಕ್ಕೆ ಅರ್ಜಿ ಹಾಕಿದರು. ಅದು ಫೋನಿನಲ್ಲೇ ಸೇರುವ, ಫೋನಿನಲ್ಲೇ ಹೆಮ್ಮೆಪಡುವ ಸಂಘ. ಸೇರುವುದಕ್ಕೆ ಇರುವ ನಿಯಮ ಒಂದೇ: ಸದಸ್ಯನ ಊರಿನಲ್ಲಿ ವರ್ಷಕ್ಕೊಮ್ಮೆಯಾದರೂ ಉಷ್ಣಾಂಶ ಐದು ಡಿಗ್ರಿಗಿಂತ ಕೆಳಗೆ ಹೋಗಬೇಕು. ಸೆಕೆಯ ಗಿಡವನ್ನು ಸೆಕೆಯ ಊರಿನಲ್ಲಿ ಬೆಳೆಸುವುದರಲ್ಲಿ ಏನು ದೊಡ್ಡಸ್ತಿಕೆ ಎಂಬುದು ಅವರ ವಾದ. ನ್ಯಾಯವೇ. ಆದರೆ ಕುಮಟೆಯಲ್ಲಿ ಜನ ಚಳಿ ಎಂದು ಕರೆಯುವುದು ಫ್ಯಾನನ್ನು ಐದರಿಂದ ಮೂರಕ್ಕೆ ಇಳಿಸುವ ಕಾಲವನ್ನು. ದೇವರಾಜರು ಅರ್ಜಿಯ ಮುಂದೆ ಸ್ವಲ್ಪ ಹೊತ್ತು ಕೂತು 'ಮೂರು ಡಿಗ್ರಿ' ಎಂದು ಬರೆದರು. ಬಳಗದವರು ಪುರಾವೆ ಕೇಳಿದರು. ಇವರು ಥರ್ಮಾಮೀಟರನ್ನು ಫ್ರಿಜ್ಜಿನೊಳಗಿಟ್ಟು ಫೋಟೋ ಕಳಿಸಿದರು. ಹಿಂದೆ ಮಸುಕಾಗಿ ಕಂಡ ಮೊಸರಿನ ಪಾತ್ರೆಯನ್ನು ಹಿಮದ ಗುಡ್ಡ ಎಂದುಕೊಂಡರೋ ಏನೋ, ಸದಸ್ಯತ್ವ ಬಂತು.

ಅಲ್ಲಿಂದ ಶುರುವಾಯಿತು. ಬಳಗದವರು ತಿಂಗಳು ತಿಂಗಳಿಗೂ ಒಂದು ಪಟ್ಟಿ ಕಳಿಸುತ್ತಾರೆ. ಡಿಸೆಂಬರಿನಲ್ಲಿ ಗಿಡಗಳಿಗೆ ದಪ್ಪಗೆ ಹೊದಿಸಿ, ನೀರು ನಿಲ್ಲಿಸಿ. ಜೂನ್ ಬಂತು, ಹೊರಗೆ ತಂದು ಆಕಾಶಕ್ಕೆ ಬಿಡಿ, ಬಿಸಿಲು ಕುಡಿಯಲಿ. ದೇವರಾಜರು ಅಕ್ಷರ ತಪ್ಪದೆ ಪಾಲಿಸಿದರು. ಹಾಗಾಗಿ ಈ ಬಡಪಾಯಿಗಳು ಚಳಿಗಾಲವೆಂಬ ಸೆಕೆಯಲ್ಲಿ ಕಂಬಳಿಯೊಳಗೆ ಬೆಂದವು, ಬೇಸಿಗೆಯೆಂಬ ಮಳೆಗಾಲದಲ್ಲಿ ಅಂಗಳದ ನಡುವೆ ಕೊಳೆತವು. ಹತ್ತೊಂಬತ್ತು ಕುಂಡಗಳಲ್ಲಿ ಹನ್ನೆರಡು ಹೋದವು. ಒಂದೊಂದು ಹೋದಾಗಲೂ ದೇವರಾಜರು 'ಚಳಿಗೆ ಬಲಿ' ಎಂದು ಬಳಗಕ್ಕೆ ತಿಳಿಸಿದರು. ಬೆಲ್ಜಿಯಮ್ಮಿನಿಂದ, ಸ್ಕಾಟ್‌ಲೆಂಡಿನಿಂದ ಸಂತಾಪಗಳು ಬಂದವು. ಅವನ್ನು ಅವರು ಊಟದ ಹೊತ್ತಿಗೆ ಹೆಂಡತಿಗೆ ಓದಿ ಹೇಳುತ್ತಿದ್ದರು.

ಹೆಂಡತಿ ರೇಖಾ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಾರೆ. ಮನೆಯಲ್ಲಿ ಗಂಡ ಹೆಂಡತಿಯ ಮಾತು ಕೊಂಕಣಿಯಲ್ಲಿ, ಗಣಪಿಯ ಜೊತೆ ಕನ್ನಡದಲ್ಲಿ. ಎರಡರಲ್ಲೂ ರೇಖಾ ಈಗೀಗ ಕಡಿಮೆ ಮಾತಾಡುತ್ತಾರೆ.

ಒಂದು ಜನವರಿಯಲ್ಲಿ ಬಳಗದವರು ಹಿಮ ಬಿದ್ದ ಗಿಡಗಳ ಫೋಟೋ ಸ್ಪರ್ಧೆ ಇಟ್ಟರು. ದೇವರಾಜರು ಗಣಪಿಯನ್ನು ಮೀನು ಪೇಟೆಗೆ ಅಟ್ಟಿದರು. ಅವಳು ಒಂದು ಬುಟ್ಟಿ ಪುಡಿ ಐಸು ಹೊತ್ತು ತಂದಳು. ದೇವರಾಜರು ಅದನ್ನು ಗಿಡದ ಮೇಲೆ ಸಕ್ಕರೆ ಉದುರಿಸಿದ ಹಾಗೆ ಉದುರಿಸಿ, ಮಂಡಿಯೂರಿ, ಒಂದು ಕಣ್ಣು ಮುಚ್ಚಿ ಫೋಟೋ ತೆಗೆಯತೊಡಗಿದರು. ಐಸಿಗೆ ಬಂಗಡೆಯ ವಾಸನೆಯಿತ್ತು. ಓಣಿಯ ಬೆಕ್ಕುಗಳೆಲ್ಲ ಬಂದವು.

"ಬೆಕ್ಕು ಹೊಡಿ, ಗಣಪಿ. ಫೋಟೋದಲ್ಲಿ ಬತ್ತದೆ."

"ಬರ್ಲಿ ಬಿಡಿ ಸಾವ್ಕಾರ್ರೆ. ಆ ಊರಲ್ಲಿ ಬೆಕ್ಕಿಲ್ವಾ?"

"ಹಿಮದಲ್ಲಿ ಬೆಕ್ಕು ಬಾಲ ಎತ್ಕಂಡು ನೆಕ್ತಾ ನಿಲ್ಲೂದಿಲ್ಲ."

ಮೂರನೆಯ ಬಹುಮಾನ ಬಂತು. ಆ ವರ್ಷದಿಂದ ದೇವರಾಜರಿಗೆ ನಿಜವಾಗಿಯೂ ಚಳಿಯಾಗತೊಡಗಿತು. ಬೆಳಿಗ್ಗೆ ಸ್ವೆಟರು, ಮಂಕಿ ಕ್ಯಾಪು ಹಾಕಿಕೊಂಡು, ಬೆವರು ಒರೆಸಿಕೊಳ್ಳುತ್ತ, "ಈ ಸಲ ಭಾರೀ ಥಂಡಿ," ಎನ್ನುತ್ತ ಅಂಗಳದಲ್ಲಿ ಓಡಾಡುತ್ತಿದ್ದರು. ಸುಳ್ಳು ಹೇಳಿ ಗೆಲ್ಲುವವರನ್ನು ಈ ಊರು ಬೇಕಾದಷ್ಟು ಕಂಡಿದೆ. ಹೇಳಿದ ಸುಳ್ಳಿಗೆ ತಾವೇ ನಡುಗುವವರು ಅಪರೂಪ.

ಗಣಪಿ ಒಮ್ಮೆ, "ನಮ್ಮ ಬದಿ ಬೆಟ್ಟದಲ್ಲೂ ಇಂಥದ್ದೇ ಅದೆ. ಮದಿ ಚಪ್ಪರಕ್ಕೆ ಎಲೆ ಕಡ್ದು ಕಟ್ತ್ರು," ಎಂದಳು. ದೇವರಾಜರ ಮುಖದಲ್ಲಿ ನೋವು ಮೂಡಿತು. ಬೆಟ್ಟದಲ್ಲಿ ತಾನೇ ಹುಟ್ಟಿ, ಮದುವೆ ಚಪ್ಪರಕ್ಕೆ ಎಲೆ ಕೊಡುತ್ತ, ಕಂಬಳಿಯಿಲ್ಲದೆ, ಪಟ್ಟಿಯಿಲ್ಲದೆ ಚೆನ್ನಾಗಿ ಬದುಕಿರುವ ಗಿಡವನ್ನು ಸಾಕುವುದರಲ್ಲಿ ಯಾವ ಮರ್ಯಾದೆಯಿದೆ? ಇನ್ನೊಮ್ಮೆ ಅವರು, ಗಿಡಗಳಿಗೆ ಹಾಡು ಕೇಳಿಸಿದರೆ ಒಳ್ಳೆಯದಂತೆ, ನಿಮ್ಮವರ ಹಾಡು ಹೇಳು, ವಿಡಿಯೋ ತೆಗೆಯುತ್ತೇನೆ ಎಂದರು. ಗಣಪಿ ಸೊಂಟಕ್ಕೆ ಕೈಯಿಟ್ಟು ಕುಂಡಗಳನ್ನೊಮ್ಮೆ ನೋಡಿದಳು. "ಮದಿ ಹಾಡು ಅದೆ, ನೆಟ್ಟಿ ಹಾಡು ಅದೆ, ಸತ್ತಾಗ ಹೇಳೂದೂ ಅದೆ. ಇವುಕೆ ಯಾವ್ದು ಹೇಳೂದು?" ವಿಡಿಯೋ ಆಗಲಿಲ್ಲ.

ಉಳಿದ ಏಳು ಗಿಡಗಳು ಹೇಗೆ ಉಳಿದವು ಎಂಬುದಕ್ಕೆ ದೇವರಾಜರು ಬಳಗದ ಪತ್ರಿಕೆಯಲ್ಲಿ ಎರಡು ಪುಟದ ಲೇಖನ ಬರೆದಿದ್ದಾರೆ. ನಿಜ ಸಂಗತಿ ಒಂದೇ ಸಾಲಿನದು. ಬೆಳಿಗ್ಗೆ ಒಂಬತ್ತೂವರೆಗೆ ಅವರ ಕಾರು ಹೊನ್ನಾವರದ ಕಡೆ ತಿರುಗಿದ ಕೂಡಲೇ ಗಣಪಿ ಡಿಸೆಂಬರಿನಲ್ಲಿ ಕಂಬಳಿ ಕೀಳುತ್ತಿದ್ದಳು, ಜೂನಿನಲ್ಲಿ ಕುಂಡಗಳನ್ನು ಒಂದೊಂದಾಗಿ ಅಪ್ಪಿ ಎತ್ತಿ ಕಾರ್ ಶೆಡ್ಡಿನೊಳಗೆ ಇಡುತ್ತಿದ್ದಳು. ಸಂಜೆ ಐದೂವರೆಯ ಒಳಗೆ ಎಲ್ಲವೂ ಪಟ್ಟಿಯ ಪ್ರಕಾರ ಇರುತ್ತಿತ್ತು.

ಏಳರಲ್ಲಿ ಒಂದು ನೀಲಿ ಗಿಡ. ಆಫ್ರಿಕಾ ಮೂಲದ್ದು. ತಾಮ್ರದ ಪಾತ್ರೆಗೆ ಕಿಲುಬು ಹಿಡಿದಂಥ ನೀಲಿ ಬಣ್ಣ, ಎಲೆಯ ಅಂಚಿಗೆಲ್ಲ ಸೂಜಿ. ಭಟ್ಕಳದ ನರ್ಸರಿಯ ದಿನಕರ ಅದನ್ನು ಎಲ್ಲಿಂದಲೋ ತರಿಸಿ, ಹೊಸ ಅಳಿಯನನ್ನು ಕರೆತಂದ ಹಾಗೆ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ ತಂದುಕೊಟ್ಟಿದ್ದ. ಬಳಗದಲ್ಲಿ ನಾಲ್ಕೇ ಜನರ ಹತ್ತಿರ ಅಂಥದ್ದಿತ್ತು. ಈ ವರ್ಷದ ಮೇ ತಿಂಗಳಲ್ಲಿ ಬೆಲ್ಜಿಯಮ್ಮಿನ ಅಧ್ಯಕ್ಷರು ಪತ್ರ ಬರೆದರು. ಬಳಗಕ್ಕೆ ಏಷ್ಯಾದ ಪ್ರತಿನಿಧಿಯೊಬ್ಬರು ಬೇಕು. ದೇವರಾಜ ಶಾನಭಾಗರ ಹೆಸರು ಮುಂದಿದೆ. ಜುಲೈಯ ಎರಡನೆಯ ಭಾನುವಾರ ಎಲ್ಲ ಸದಸ್ಯರೂ ವಿಡಿಯೋದಲ್ಲಿ ಅವರ ಅಂಗಳಕ್ಕೆ 'ಬೇಸಿಗೆ ಪ್ರವಾಸ' ಬರುತ್ತಾರೆ. ನೀಲಿ ಗಿಡ ಹೊರಗೇ, ನೆಲಕ್ಕೆ ತಾಗಿ, ಹೊಸ ಎಲೆಯೊಂದಿಗೆ ನಿಂತಿರಬೇಕು. ಒಳಗೆ ಬಚ್ಚಿಟ್ಟು ಬೆಳೆಸಿದ್ದು ಬಳಗದಲ್ಲಿ ನಡೆಯುವುದಿಲ್ಲ.

ದೇವರಾಜರು ವಿಸಿಟಿಂಗ್ ಕಾರ್ಡ್ ಮಾಡಿಸಲು ಕೊಟ್ಟರು. ಅಂಗಡಿಯನ್ನು ಭಾವ ಸಂಜಯನಿಗೆ ವಹಿಸಿ, ಗಿಡದ ಮುಂದೆ ಕುರ್ಚಿ ಹಾಕಿಕೊಂಡು ಕೂತುಬಿಟ್ಟರು. ಅಲ್ಲಿಗೆ ಗಣಪಿಯ ಒಂಬತ್ತೂವರೆಯ ಕಾರುಬಾರು ನಿಂತಿತು.

ಜೂನ್ ಹತ್ತರಿಂದ ಮಳೆ ಹಿಡಿಯಿತು. ದೇವರಾಜರು ಕೊಡೆ ಹಿಡಿದು ಕೂತರು, ತಮಗೆ. ಗಿಡ ಆಕಾಶಕ್ಕೆ ಬಿಟ್ಟಿತ್ತು. ನಡುವೆ ಹೊಸ ಎಲೆಗಳ ಸುಳಿ ಮುಷ್ಟಿಯಷ್ಟು ಎದ್ದು, ಬಿಚ್ಚಲೋ ಬೇಡವೋ ಎಂದು ನಿಂತಿತ್ತು. ಹತ್ತು ದಿನದಲ್ಲಿ ಹಳೆಯ ಎಲೆಗಳು ಹಳದಿಯಾದವು. ಬುಡ ಒತ್ತಿದರೆ ಬೆರಳು ಒಳಗೆ ಹೋಗುವಂತಾಯಿತು. ಗಣಪಿ ಮೂಸಿ ನೋಡಿದಳು.

"ಇದು ಹೋಗೂದೇಯ. ನೀರು ಕುಡ್ದು ಹೊಟ್ಟೆ ಕೊಳ್ತದೆ. ಶೆಡ್ಡಿಗೆ ತಕಂಡು ಹೋಗ್ತೆ."

"ಮುಟ್ಟಬೇಡ. ಒಳಗಿಟ್ರೆ ಗೊತ್ತಾಗ್ತದೆ ಅವರಿಗೆ. ಎಲೆಯ ಬಣ್ಣ ನೋಡೇ ಹೇಳ್ತಾರೆ."

"ಸತ್ರೆ ಗೊತ್ತಾಗೂದಿಲ್ವಾ?"

ದೇವರಾಜರು ಬಳಗಕ್ಕೆ ಬರೆದು ಕೇಳಿದರು. ಇನ್ನಷ್ಟು ಬಿಸಿಲಿಗೆ ಇಡಿ ಎಂದು ಉತ್ತರ ಬಂತು. ಅವರು ತಲೆಯೆತ್ತಿ ಆಕಾಶ ನೋಡಿದರು. ಮುಖದ ಮೇಲೆ ಧಾರೆಯಾಗಿ ಬಿತ್ತು. ಒಳಗೆ ಹೋಗಿ ರೇಖಾರ ಹತ್ತಿರ, "ಇದೊಂದು ಹೋದ್ರೆ ನಾನು ಬರೀ ಟೈಲ್ಸ್ ಶಾನಭಾಗ," ಎಂದರು. ರೇಖಾ ಉತ್ತರಪತ್ರಿಕೆಗಳಿಂದ ತಲೆಯೆತ್ತದೆ, "ಮೊದಲು ಎಂತ ಆಗಿದ್ರಿ ಮಾರಾಯ್ರೆ?" ಎಂದರು.

ಆ ಮಧ್ಯಾಹ್ನ ದೇವರಾಜರು ಊಟ ಮಾಡಿ ಕಣ್ಣು ಮುಚ್ಚಿದಾಗ ಗಣಪಿ ಗಿಡವನ್ನು ಕುಂಡದಿಂದ ಕಿತ್ತಳು. ಕೊಳೆತ ಬೇರನ್ನು ಬಾಳೆಕಾಯಿ ಹೆಚ್ಚುವ ಕತ್ತಿಯಿಂದ ಸವರಿದಳು. ಗಾಯಕ್ಕೆ ಒಲೆಯ ಬೂದಿ ಮೆತ್ತಿದಳು. ಬಳಗದವರು ಹೇಳಿದ ಪರದೇಶದ ಮಣ್ಣನ್ನು ಆಚೆ ಸುರಿದು, ಹೊಳೆ ಮರಳು ಮತ್ತು ಚಿರೇಕಲ್ಲಿನ ಚೂರು ತುಂಬಿ ಮತ್ತೆ ಕೂರಿಸಿದಳು. ಆದರೆ ಮೇಲಿನಿಂದ ಬೀಳುವುದಕ್ಕೆ ಏನು ಮಾಡುವುದು? ಅವಳ ಬೆನ್ನ ಮೇಲೆ ಗೊರಬು ಇತ್ತು. ಬಿದಿರಿನ ಕಡ್ಡಿ ಮತ್ತು ಎಲೆಯಲ್ಲಿ ಹೆಣೆದ, ದೋಣಿಯನ್ನು ಅರ್ಧಕ್ಕೆ ಕಡಿದು ಬೋರಲು ಹಾಕಿದಂಥ ಗೊರಬು. ತಲೆಯಿಂದ ಸೊಂಟದ ಕೆಳಗಿನವರೆಗೆ ಮುಚ್ಚುತ್ತದೆ. ಗದ್ದೆಯಲ್ಲಿ ಬಗ್ಗಿ ನೆಟ್ಟಿ ಮಾಡುವವರ ಎರಡೂ ಕೈ ಬಿಡುವಾಗಿ ಇರಿಸುತ್ತದೆ, ಗಾಳಿ ಆಡಲು ಬಿಡುತ್ತದೆ, ಒಂದು ಹನಿ ಒಳಗೆ ಬಿಡುವುದಿಲ್ಲ. ಪ್ಲಾಸ್ಟಿಕ್ ಬಂದ ಮೇಲೆ ಹೆಣೆಯುವವರು ಕಡಿಮೆ, ಇದನ್ನು ಅವಳು ಹಿರೇಗುತ್ತಿಯ ಸುಬ್ಬಿಯ ಹತ್ತಿರ ಹೇಳಿ ಮಾಡಿಸಿದ್ದು. ಅದನ್ನು ಕಳಚಿ, ಮೂರು ಬಿದಿರು ಗೂಟ ನೆಟ್ಟು, ಗಿಡದ ತಲೆಯ ಮೇಲೆ ನಿಲ್ಲಿಸಿದಳು. ತಾನು ಗೊಬ್ಬರದ ಚೀಲವೊಂದನ್ನು ಮೂಲೆ ಮಡಚಿ ತಲೆಗೆ ಹಾಕಿಕೊಂಡಳು.

ದೇವರಾಜರು ಎದ್ದು ಬಂದು ನೋಡಿದರು. ಗಿಡ ಹೊರಗೇ ಇತ್ತು. ನೆನೆಯುತ್ತಲೂ ಇರಲಿಲ್ಲ. ನಿಯಮದ ಪುಸ್ತಕ ತಿರುವಿದರು, ಗೊರಬು ಕೂಡದು ಎಂದು ಎಲ್ಲೂ ಬರೆದಿರಲಿಲ್ಲ.

"ಆತು. ಆದ್ರೆ ಆ ದಿನ ತೆಗೀಬೇಕು."

"ಮಳೆ ನಿಂತ್ರೆ ತೆಗೀತೆ."

"ಅವರು ನೋಡೂ ಹೊತ್ತಿಗೆ ಅಂದೆ."

"ನಾನೂ ಮಳೆ ನಿಂತ್ರೆ ಅಂದೆ."

ಮೂರು ವಾರ ಗಣಪಿ ಚೀಲದೊಳಗೆ ನೆಂದಳು. ನೆಗಡಿಯಾಯಿತು. ಎರಡು ದಿನ ಜ್ವರ ಬಂತು, ಆ ಎರಡು ದಿನವೂ ಬಸ್ಸು ಹತ್ತಿ ಬಂದು ಗೊರಬಿನೊಳಗೆ ಕೈಹಾಕಿ ಬುಡ ಒತ್ತಿ ನೋಡಿ ಹೋದಳು. ಇದನ್ನು ಕಂಡು ಓಣಿಯವರಿಗೆಲ್ಲ ಮರುಕ ಬಂತು. ದೇವರಾಜರು ಕೂಡ, "ಗಣಪಿಗೆ ಆ ಗಿಡದ ಮೇಲೆ ಜೀವ," ಎಂದು ಕಂಡವರಿಗೆ ಹೇಳತೊಡಗಿದರು, ತಮ್ಮ ಸಹವಾಸದಿಂದ ಬಂದ ಸಂಸ್ಕಾರ ಎಂಬ ಧಾಟಿಯಲ್ಲಿ. ಬುಡ ಗಟ್ಟಿಯಾಯಿತು. ಸುಳಿ ಒಂದು ಗೇಣು ಎದ್ದು, ಬಿಚ್ಚಿ, ಹನ್ನೊಂದು ಹೊಸ ಎಲೆಗಳು ನೀಲಿಗೆ ತಿರುಗಿದವು.

ಭಾನುವಾರ ಬಂತು. ಮಳೆ ನಿಲ್ಲಲಿಲ್ಲ. ದೇವರಾಜರು ಕೋಟು ಹಾಕಿ, ಕೊರಳಿಗೆ ಉಣ್ಣೆಯ ಮಫ್ಲರ್ ಸುತ್ತಿ ಅಂಗಳದಲ್ಲಿ ನಿಂತರು. ರೇಖಾ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫೋನು ಹಿಡಿದರು. ಫೋನಿನಲ್ಲಿ ಇಪ್ಪತ್ತಮೂರು ಚೌಕಗಳು, ಒಂದೊಂದರಲ್ಲಿ ಒಂದೊಂದು ಕೆಂಪು ಮುಖ. ದೇವರಾಜರು ಗೊರಬು ತೆಗೆಯೆಂದು ಕಣ್ಣಲ್ಲೇ ಸನ್ನೆ ಮಾಡಿದರು. ಗಣಪಿ ಆಕಾಶ ತೋರಿಸಿದಳು. ಅಷ್ಟರಲ್ಲಿ ಅಧ್ಯಕ್ಷರು ಅದೇನದು, ಆ ಗಿಡದ ಮೇಲಿನ ಸುಂದರ ವಸ್ತು, ಎಂದು ಕೇಳಿಬಿಟ್ಟರು.

ದೇವರಾಜರು ಮಫ್ಲರ್ ಸರಿಪಡಿಸಿಕೊಂಡು, ಇದು ನಾನು ಹಲವು ವರ್ಷಗಳ ಪ್ರಯೋಗದಿಂದ ರೂಪಿಸಿದ ಹೊದಿಕೆ, ಇದನ್ನು 'ಶಾನಭಾಗ್ ಶೆಲ್' ಎಂದು ಕರೆಯುತ್ತೇನೆ ಎಂದರು. ಹೆಸರು ಆ ಕ್ಷಣದಲ್ಲೇ ಹುಟ್ಟಿದ್ದು. ಇಪ್ಪತ್ತಮೂರು ಚೌಕಗಳಲ್ಲಿ ಚಪ್ಪಾಳೆ ಕೇಳಿತು. ಗೊರಬನ್ನು ಸ್ವಲ್ಪ ಎತ್ತಿ ಹನ್ನೊಂದು ನೀಲಿ ಎಲೆಗಳನ್ನು ತೋರಿಸಿದಾಗ ಒಬ್ಬರು ಕಣ್ಣು ಒರೆಸಿಕೊಂಡರು. ಅಧ್ಯಕ್ಷರು ಅಲ್ಲೇ ಘೋಷಿಸಿದರು: ಏಷ್ಯಾದ ಪ್ರತಿನಿಧಿ ದೇವರಾಜ ಶಾನಭಾಗ್. ದೇವರಾಜರು ಎದೆಯ ಮೇಲೆ ಕೈಯಿಟ್ಟುಕೊಂಡರು. ಮಫ್ಲರಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ಆಗ ಮೂಲೆಯ ಚೌಕದಿಂದ ಸ್ಕಾಟ್‌ಲೆಂಡಿನ ಮುದುಕಿಯೊಬ್ಬಳು ಕೈ ಎತ್ತಿದಳು. ಹಿಂದೆ ಚೀಲ ಹೊದ್ದು ನೆನೆಯುತ್ತ ನಿಂತಿರುವ ಹೆಂಗಸು ಯಾರು ಎಂದಳು. ದೇವರಾಜರು ಬಾಯಿ ತೆರೆಯುವ ಮೊದಲೇ ರೇಖಾ, ವರ್ಷಗಟ್ಟಲೆ ಉಳಿಸಿಟ್ಟಿದ್ದ ಇಂಗ್ಲಿಷಿನಲ್ಲಿ, ಗಿಡದ ಮೇಲಿರುವುದು ಅವಳದು, ತನ್ನ ಬೆನ್ನಿನಿಂದ ಕಳಚಿ ಹೊದಿಸಿ ಮೂರು ವಾರವಾಯಿತು, ನಡುವೆ ಜ್ವರವೂ ಬಂದಿತ್ತು ಎಂದು ಸ್ಪಷ್ಟವಾಗಿ ಹೇಳಿದರು. ಚೌಕಗಳೆಲ್ಲ ಸ್ತಬ್ಧವಾದವು. ದೇವರಾಜರು ನೆಟ್‌ವರ್ಕ್ ಹೋಯಿತೇನೋ ಎಂಬ ಆಸೆಯಿಂದ ಫೋನು ನೋಡಿದರು. ಹೋಗಿರಲಿಲ್ಲ.

ಮುದುಕಿ ಕನ್ನಡಕ ತೆಗೆದು ಒರೆಸುತ್ತ ಏನೋ ಕೇಳಿದಳು. ರೇಖಾ ಫೋನನ್ನು ಗಣಪಿಯ ಮುಖಕ್ಕೆ ಹಿಡಿದರು.

"ಗಣಪಿ, ಆ ಅಮ್ಮ ಕೇಳ್ತಾರೆ. ನಿನ್ನ ಮೈ ನೆನೆಸ್ಕಂಡು ಗಿಡಕ್ಕೆ ಹೊದಿಸಿದ್ಯಲ್ಲ, ಆ ಗಿಡ ಅಂದ್ರೆ ನಿಂಗೆ ಅಷ್ಟು ಪ್ರೀತಿಯಾ?"

ಗಣಪಿ ಫೋನಿನೊಳಗಿನ ಮುದುಕಿಯನ್ನು ನೋಡಿದಳು. ಆಮೇಲೆ ಕುಂಡವನ್ನು ನೋಡಿದಳು.

"ಎಂತ ಪ್ರೀತಿ? ಇದು ಸತ್ರೆ ಇವ್ರು ಇನ್ನೊಂದು ತರ್ತ್ರು. ಅದನ್ನೂ ನಾನೇ ಹೊರಬೇಕು."